ಹಿಸ್ಟಾರಿಕಲ್ ರೊಮಾನ್ಸ್ ಮುಖಪುಟದಲ್ಲಿ ನಾಯಕ ಒಬ್ಬನೇ ಯಾಕೆ? ನಾಯಕಿಗೆ ಜಾಗ ಇಲ್ಲವೇ?

ಪುಟತಿರುವು:
ಇಂಗ್ಲಿಷಿನ ಹಿಸ್ಟಾರಿಕಲ್ ರೊಮಾನ್ಸ್ ಓದುವವರಿಗೆ ಒಂದು ಪ್ರಶ್ನೆ. ರೀಜೆನ್ಸಿ ಕಾಲದ (19ನೇ ಶತಮಾನದ ಆರಂಭದ ಇಂಗ್ಲೆಂಡಿನ) ಡ್ಯೂಕ್ ಇರಲಿ, ಸ್ಕಾಟ್ಲೆಂಡಿನ ಹೈಲ್ಯಾಂಡರ್ ಇರಲಿ, ಕಥೆಯಲ್ಲಿ ಕಮ್ಮಿ ಅಂದರೂ ಅರ್ಧ ಪುಟಗಳು ನಾಯಕಿಯ ಕಣ್ಣಿಂದಲೇ ಸಾಗುತ್ತವೆ. ಮುಖಪುಟದಲ್ಲಿ ಮಾತ್ರ ಅಂಗಿ ತೆರೆದುಕೊಂಡ ನಾಯಕ ಒಬ್ಬನೇ. ಎಷ್ಟೋ ಸಲ ಅವನಿಗೂ ಪೂರ್ತಿ ಮುಖ ಇರುವುದಿಲ್ಲ, ತುಟಿಯ ಮೇಲಕ್ಕೆ ಕತ್ತರಿ.
ನನಗೆ ನಾಯಕ ಒಬ್ಬನೇ ಇರುವುದರ ಬಗ್ಗೆ ತಕರಾರಿಲ್ಲ. ಇದು ಮಾರಾಟದ ಲೆಕ್ಕವೋ, ಖರ್ಚಿನ ಲೆಕ್ಕವೋ, ಓದುಗಿಯರ ಇಷ್ಟವೋ ಅನ್ನುವುದು ತಿಳಿಯಬೇಕು. ಬರೀ ‘ಚೆನ್ನಾಗಿದೆ’, ‘ಥೂ’ ಬೇಡ. ಕೆಲಸ ಗೊತ್ತಿರುವವರು ಬಿಡಿಸಿ ಹೇಳಿ.

ಹಳೇಪೇಪರ್‌ಬ್ಯಾಕ್:
ಮೂರೂ ಹೌದು, ಆದರೆ ಬೇರೆ ಬೇರೆ ಕಾಲಕ್ಕೆ.
1960ರ ದಶಕದ ಗಾಥಿಕ್ ಕಾದಂಬರಿಗಳಲ್ಲಿ ನಾಯಕಿಯೇ ಒಬ್ಬಂಟಿ: ಹಿಂದೆ ಬಂಗಲೆ, ಒಂದೇ ಕಿಟಕಿಯಲ್ಲಿ ದೀಪ, ಮುಂದೆ ಬಿಳಿ ಗೌನಿನಲ್ಲಿ ಓಡುತ್ತಿರುವ ಹುಡುಗಿ. 1972ರಲ್ಲಿ ಏವನ್ ಪ್ರಕಾಶನ ಕ್ಯಾಥ್ಲೀನ್ ವುಡಿವಿಸ್ ಅವರ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಅನ್ನು ಹಾರ್ಡ್‌ಬೌಂಡ್ ಇಲ್ಲದೆ ನೇರ ಪೇಪರ್‌ಬ್ಯಾಕಾಗಿ ತಂದಿತು. ಅದರ ಯಶಸ್ಸಿನ ಬೆನ್ನಿಗೇ ‘ಕ್ಲಿಂಚ್’ ಚಿತ್ರಗಳ ಯುಗ ಶುರು. ಇಬ್ಬರೂ ತಬ್ಬಿಕೊಂಡಿರಬೇಕು, ಗಾಳಿ ಬೀಸುತ್ತಿರಬೇಕು, ಅವಳ ರವಿಕೆ ಭುಜದಿಂದ ಜಾರಿರಬೇಕು.
ಆಗ ಪುಸ್ತಕ ಹೋಗುತ್ತಿದ್ದದ್ದು ಔಷಧಿ ಅಂಗಡಿ, ಸೂಪರ್‌ಮಾರ್ಕೆಟ್, ವಿಮಾನ ನಿಲ್ದಾಣದ ರ‍್ಯಾಕುಗಳಿಗೆ. ಆ ರ‍್ಯಾಕು ತುಂಬುತ್ತಿದ್ದ ಸಗಟು ವಿತರಕರು ಬಹುಪಾಲು ಗಂಡಸರು. ಚಿತ್ರ ಮೊದಲು ಅವರ ಕಣ್ಣಿಗೆ ಬೀಳಬೇಕಿತ್ತು, ಅದಕ್ಕೇ ನಾಯಕಿಯ ಎದೆ ಮುಂದೆ, ನಾಯಕ ಹಿಂದೆ ಅನ್ನುವುದು ಆ ವ್ಯಾಪಾರದವರು ಹೇಳಿಕೊಂಡು ಬಂದ ವಿವರಣೆ. ಓದುಗಿ ಏನು ನೋಡಲು ಬಯಸುತ್ತಾಳೆ ಅನ್ನುವ ಯೋಚನೆ ಆಮೇಲೆ ಬಂದದ್ದು.

ಅರ್ಧಓದು:
ಮುಖಪುಟಗಳ ರೂಪದರ್ಶಿ ಫ್ಯಾಬಿಯೊ ಹೆಸರು ಇನ್ನೂ ಬಂದಿಲ್ಲ. ನಂಬಲಾಗುತ್ತಿಲ್ಲ.

ಹಳೇಪೇಪರ್‌ಬ್ಯಾಕ್:
@ಅರ್ಧಓದು ಅದಕ್ಕೇ ಬರುತ್ತಿದ್ದೆ. ಫ್ಯಾಬಿಯೊ ಲಾಂಝೋನಿಯಿಂದಲೇ ‘ಒಂಟಿ ನಾಯಕ’ ಶುರುವಾಯಿತು ಅಂತ ಎಲ್ಲರೂ ಬರೆಯುತ್ತಾರೆ, ತಪ್ಪು. 80–90ರ ದಶಕದಲ್ಲಿ ಅವರು ನಿಂತ ಮುಖಪುಟಗಳಲ್ಲಿ ಬಹುಪಾಲು ಜೋಡಿಚಿತ್ರಗಳೇ. ಅವರು ಬದಲಿಸಿದ್ದು ಬೇರೆ: ರೂಪದರ್ಶಿಯ ಹೆಸರೇ ಮಾರಾಟದ ಸರಕಾಯಿತು, ಗಂಡಸಿನ ಮೈ ಚಿತ್ರದ ನಡುವಿಗೆ ಬಂತು.
ಅದಕ್ಕೂ ಮೊದಲು 1985ರಲ್ಲಿ ಜೋಹಾನಾ ಲಿಂಡ್ಸೆ ಅವರ ‘ಟೆಂಡರ್ ಈಸ್ ದಿ ಸ್ಟಾರ್ಮ್’ಗೆ ರಾಬರ್ಟ್ ಮೆಕ್‌ಗಿನಿಸ್ ನಾಯಕನನ್ನು ಬೆತ್ತಲೆಯಾಗಿ ಚಿತ್ರಿಸಿಬಿಟ್ಟರು. ಅಂಗಡಿಯವರು ಗಲಾಟೆ ಮಾಡಿ, ಆ ಜಾಗಕ್ಕೆ ಸ್ಟಿಕರ್ ಅಂಟಿಸಿ ಮಾರಬೇಕಾಯಿತು. ನಾಯಕಿಯ ಅರೆಬೆತ್ತಲೆ ಹತ್ತು ವರ್ಷದಿಂದ ರ‍್ಯಾಕಿನಲ್ಲಿತ್ತು, ಅದಕ್ಕೆ ಯಾರೂ ಸ್ಟಿಕರ್ ಕೇಳಿರಲಿಲ್ಲ ಅನ್ನುವುದನ್ನೂ ಗಮನಿಸಿ.

ಕರಾವಳಿ ಓದುಗಿ:
ಫ್ಯಾಬಿಯೊ ಅಂದರೆ 1999ರಲ್ಲಿ ವರ್ಜೀನಿಯಾದ ರೋಲರ್‌ಕೋಸ್ಟರ್ ಉದ್ಘಾಟನೆಗೆ ಹೋಗಿ ಮೂಗಿಗೆ ಬಾತುಕೋಳಿ ಬಡಿಸಿಕೊಂಡವರೇ ಅಲ್ವಾ ಮಾರಾಯ್ರೆ 😄

ಹಳೇಪೇಪರ್‌ಬ್ಯಾಕ್:
ಅವರೇ. ಬಾತುಕೋಳಿ ಅಲ್ಲ, ಹೆಬ್ಬಾತು. ಮುಂದಕ್ಕೆ ಹೋಗೋಣ.

ಲೇಔಟ್ ಲಿಂಗಣ್ಣ:
ಚರಿತ್ರೆ ಆಯ್ತು, ಈಗ ದುಡ್ಡಿನ ವಿಷಯಕ್ಕೆ ಬನ್ನಿ ಸ್ವಾಮಿ.
ಚಿತ್ರಕಾರರ ಕಾಲದಲ್ಲಿ ಒಂದು ಮುಖಪುಟ ಅಂದರೆ: ರೂಪದರ್ಶಿಗಳಿಗೆ ಉಡುಪು ಬಾಡಿಗೆ, ಫ್ಯಾನ್ ಇಟ್ಟು ಕೂದಲು ಹಾರಿಸಿ ಫೋಟೊ, ಅದನ್ನಿಟ್ಟುಕೊಂಡು ಪುಸ್ತಕಕ್ಕಿಂತ ಹಲವು ಪಟ್ಟು ದೊಡ್ಡ ಬೋರ್ಡಿನ ಮೇಲೆ ಎಣ್ಣೆಬಣ್ಣದಲ್ಲೋ ಅಕ್ರಿಲಿಕ್ಕಿನಲ್ಲೋ ಚಿತ್ರ. ಪೀನೊ, ಎಲೇನ್ ಡುಯಿಲೊ ಇವರೆಲ್ಲ ಹಾಗೆ ಮಾಡಿದವರು. ಫೋಟೊಶಾಪ್ ಬಂದಮೇಲೆ ಫೋಟೊದ ಮೇಲೇ ಬಣ್ಣ ಬಳಿದರಾಯಿತು ಎಂಬಲ್ಲಿಗೆ ಬಂತು. ಈಗ ಸ್ವಂತ ಪ್ರಕಟಿಸುವ ಲೇಖಕಿಯರು ಸ್ಟಾಕ್ ಫೋಟೊ (ಮೊದಲೇ ತೆಗೆದು ಮಾರಾಟಕ್ಕಿಟ್ಟ ಫೋಟೊ) ಕೊಂಡು ಮಾಡಿಸುತ್ತಾರೆ. ಒಂಟಿ ನಾಯಕ ಗೆಲ್ಲುವುದೇ ಅಲ್ಲಿ.
ಗಂಡಸಿಗೆ ಒಂದು ಬಿಳಿ ಅಂಗಿ, ಒಂದು ಪ್ಯಾಂಟು ಸಾಕು. ಹಿನ್ನೆಲೆಯಲ್ಲಿ ಕೋಟೆ ಇಟ್ಟರೆ ಮಧ್ಯಯುಗ, ಬಾಲ್‌ರೂಮ್ ಇಟ್ಟರೆ ರೀಜೆನ್ಸಿ, ಹಡಗು ಇಟ್ಟರೆ ಕಡಲ್ಗಳ್ಳ. ಹೆಂಗಸಿಗೆ ಹಾಗಾಗುವುದಿಲ್ಲ. 1815ರ ಗೌನಿನ ಸೊಂಟದ ಗೆರೆ ಎದೆಯ ಕೆಳಗೇ ಇರಬೇಕು, 1860ಕ್ಕೆ ಸೊಂಟಕ್ಕಿಳಿದು ಕೆಳಗೆ ಬಳೆಕಟ್ಟಿನ ಒಳಲಂಗ, ಕ್ರಿನೊಲಿನ್ ಹರಡಿರಬೇಕು. ಗೌನು, ಒಳಗಿನ ಸ್ಟೇಸ್ (ಬಿಗಿ ಒಳಕುಪ್ಪಸ), ತುರುಬು ಮೂರೂ ಕಾಲಕ್ಕೆ ಸರಿಯಾಗಿ ಕೂಡುವ ಸ್ಟಾಕ್ ಫೋಟೊ ಸಿಗುವುದು ಕಮ್ಮಿ. ಸಿಕ್ಕರೂ ಅದೊಂದೇ ಭಂಗಿ.
ಜೋಡಿಯಾದರೆ ಇನ್ನೂ ಕಷ್ಟ. ಇಬ್ಬರನ್ನು ಬೇರೆ ಬೇರೆ ಫೋಟೊದಿಂದ ತಂದು ಕೂಡಿಸಿದರೆ ಬೆಳಕು ಎಡದಿಂದ ಒಬ್ಬರಿಗೆ, ಬಲದಿಂದ ಇನ್ನೊಬ್ಬರಿಗೆ. ಅವನ ಬೆರಳು ಅವಳ ಬಟ್ಟೆಯನ್ನು ಒತ್ತಿದ ಗುರುತೇ ಇರುವುದಿಲ್ಲ, ಗಾಜಿನ ಮೇಲೆ ಕೈಯಿಟ್ಟ ಹಾಗೆ ಕಾಣುತ್ತದೆ.

ಬಣ್ಣದಬಟ್ಟಲು:
ಕೂಡಿಸುವ ಕಷ್ಟ ಫೋಟೊಶಾಪಿನದು ಮಾತ್ರ ಅಲ್ಲ. ಕ್ರಿಸ್ಟಿನಾ ಡಾಡ್ ಅವರ ‘ಕ್ಯಾಸಲ್ಸ್ ಇನ್ ದಿ ಏರ್’ ಮೊದಲ ಮುದ್ರಣದ ನಾಯಕಿಗೆ ಮೂರು ಕೈ! ಅದು 90ರ ದಶಕದ್ದು. ಲೇಖಕಿಯೇ ಅದನ್ನು ಹೇಳಿಕೊಂಡು ನಗುತ್ತಾರೆ.

ಅರ್ಧಓದು:
ಒಂಟಿ ನಾಯಕನಾದರೆ ಕೈ ಎಣಿಸುವುದು ಸುಲಭ.

ಹೊಲಿಗೆಮನೆ:
ಲಿಂಗಣ್ಣ ಅವರು ‘ಗಂಡಸಿಗೆ ಒಂದು ಬಿಳಿ ಅಂಗಿ ಸಾಕು’ ಅಂದುಬಿಟ್ಟರು. ಆ ಒಂದು ಬಿಳಿ ಅಂಗಿಯೇ ಎಲ್ಲಕ್ಕಿಂತ ದೊಡ್ಡ ತಪ್ಪು, ಸಾರ್.
ರೀಜೆನ್ಸಿ ಕಾಲದಲ್ಲಿ (1811–1820) ಗಂಡಸರ ಅಂಗಿ ಮೇಲಿಂದ ಕೆಳಗೆ ತೆರೆಯುತ್ತಿರಲಿಲ್ಲ. ಲಿನನ್ ಬಟ್ಟೆಯ ಚೌಕ, ಆಯತಗಳನ್ನು ಕೂಡಿಸಿ ಹೊಲಿದ ತೊಡೆವರೆಗಿನ ಅಂಗಿ ಅದು. ಕುತ್ತಿಗೆಯಿಂದ ಎದೆಯ ನಡುವಿನವರೆಗೆ ಒಂದು ಸೀಳು, ಕಾಲರಿಗೆ ಎರಡೋ ಮೂರೋ ಗುಂಡಿ, ತಲೆಯ ಮೇಲಿಂದ ಹಾಕಿಕೊಳ್ಳುವುದು. ನಮ್ಮ ಜುಬ್ಬಾ ನೆನೆಸಿಕೊಳ್ಳಿ, ಸಾಕು. ಪೂರ್ತಿ ಗುಂಡಿ ಬಿಚ್ಚಿ ಎರಡೂ ಕಡೆ ಹಾರಾಡುವ ಅಂಗಿ 19ನೇ ಶತಮಾನದ ಕೊನೆಗೆ ಬಂದದ್ದು. ಡ್ಯೂಕ್ ಎದೆ ತೋರಿಸಲೇಬೇಕಾದರೆ ಅಂಗಿ ಪೂರ್ತಿ ತೆಗೆಯಬೇಕು, ಇಲ್ಲವೇ ಆ ಸೀಳಿನಷ್ಟೇ ತೋರಿಸಬೇಕು.
ಇನ್ನು ಪ್ಯಾಂಟು, ಅಂದರೆ ಮೊಣಕಾಲಿನವರೆಗಿನ ಬ್ರೀಚಸ್. ಬ್ರೀಚಸ್‌ಗೆ ಮುಂದೆ ಗುಂಡಿ ಹಾಕುವ ಅಗಲ ಪಟ್ಟಿ ಇರುತ್ತಿತ್ತು. ಜಿಪ್ ಇಲ್ಲ, ಬೆಲ್ಟ್ ಲೂಪ್ ಇಲ್ಲ. ಹಿಡಿದಿಡಲು ಹೆಗಲ ಮೇಲಿನ ಪಟ್ಟಿ, ಬ್ರೇಸಸ್. ಮುಖಪುಟದಲ್ಲಿ ಕಂದು ಚರ್ಮದ ಬೆಲ್ಟು ಕಂಡರೆ ಅದು ಇವತ್ತಿನ ಪ್ಯಾಂಟು ಅಂತಲೇ ತಿಳಿಯಿರಿ. ಕೋಟು ಮುಂದೆ ಸೊಂಟಕ್ಕೇ ನಿಂತು ಹಿಂದೆ ಬಾಲ ಇಳಿದಿರಬೇಕು. ಮುಂದೆಯೂ ಮೊಣಕಾಲಿಗೆ ಬರುವ ಫ್ರಾಕ್ ಕೋಟ್ ಹಾಕಿಸಿದರೆ ನಲವತ್ತು ವರ್ಷ ಮುಂದೆ ಹೋದ ಹಾಗೆ. ಮುಖಕ್ಕೆ ಕೆನ್ನೆಗೂದಲು ಇರಬಹುದು, ಮೂರು ದಿನದ ಕುರುಚಲು ಗಡ್ಡ ಆ ಕಾಲದ ಡ್ಯೂಕಿಗೆ ಒಪ್ಪುವುದಿಲ್ಲ. ಮೇಣ ಹಾಕಿ ನುಣುಪು ಮಾಡಿದ ಎದೆಯ ಬಗ್ಗೆ ನಾನೇನೂ ಹೇಳುವುದಿಲ್ಲ.

ಕರಾವಳಿ ಓದುಗಿ:
ಹೈಲ್ಯಾಂಡರ್ ಗಂಡಸರ ಲಂಗ, ಕಿಲ್ಟ್ ಬಗ್ಗೆ ಹೇಳಿ ಮೇಡಂ, ಕಿಲ್ಟ್ ಬಗ್ಗೆ!

ಹೊಲಿಗೆಮನೆ:
ಕಿಲ್ಟಿನ ಕಥೆ ಇನ್ನೂ ಮೋಜು. 14ನೇ ಶತಮಾನದಲ್ಲಿ ನಡೆಯುವ ಕಾದಂಬರಿಗೆ ಅಚ್ಚುಕಟ್ಟಾಗಿ ನೆರಿಗೆ ಹೊಲಿದ ಕಿಲ್ಟ್ ಹಾಕಿಸುತ್ತಾರೆ. ಸೊಂಟಕ್ಕೆ ಬೆಲ್ಟು ಕಟ್ಟಿ ಮಿಕ್ಕ ಬಟ್ಟೆಯನ್ನು ಹೆಗಲಿಗೆ ಏರಿಸುವ ದೊಡ್ಡ ಪ್ಲೇಡ್ ಕಾಣಿಸಿಕೊಳ್ಳುವುದೇ 16ನೇ ಶತಮಾನದ ಕೊನೆಗೆ. ಮೊಣಕಾಲಿನ ಗಿಡ್ಡ ಕಿಲ್ಟ್ 18ನೇ ಶತಮಾನದ ಮೊದಲ ಭಾಗದ್ದು. ಪ್ರತಿ ವಂಶಕ್ಕೂ ಒಂದೊಂದು ಟಾರ್ಟನ್ (ಚೌಕಳಿ ವಿನ್ಯಾಸ) ಅನ್ನುವ ಕಟ್ಟುನಿಟ್ಟು 1822ರಲ್ಲಿ 4ನೇ ಜಾರ್ಜ್ ಎಡಿನ್‌ಬರೋಗೆ ಬಂದ ಗದ್ದಲದ ಆಸುಪಾಸು ಗಟ್ಟಿಯಾದದ್ದು.
ಇನ್ನೊಂದು: 1746ರ ಕಾಯಿದೆಯಲ್ಲಿ ಹೈಲ್ಯಾಂಡ್ ಉಡುಪಿಗೆ ನಿಷೇಧ ಬಿತ್ತು, ಅದು ರದ್ದಾದದ್ದು 1782ರಲ್ಲಿ. ನಿಮ್ಮ ಕಥೆ 1760ರದ್ದಾದರೆ ಕಿಲ್ಟ್ ಹಾಕಿದ ನಾಯಕ ಒಂದೋ ಸೈನ್ಯದ ಹೈಲ್ಯಾಂಡ್ ದಳದವನು, ಅವರಿಗೆ ವಿನಾಯಿತಿ ಇತ್ತು. ಅಥವಾ ಕಾನೂನು ಮುರಿದವನು. ಎರಡನೆಯದಾದರೆ ಅದನ್ನೇ ಕಥೆ ಮಾಡಬಹುದಿತ್ತಲ್ಲ!

ಧಾರವಾಡ ಪೇಢೆ:
ಅಲ್ರೀ, ಇಷ್ಟೆಲ್ಲಾ ಯಾರ್ ನೋಡ್ತಾರ? ಓದೋರಿಗೆ ಬೇಕಾಗಿದ್ದು ಎದಿ, ಗುಂಡಿ ಅಲ್ಲ. ಕಿಲ್ಟ್ ಅಂದ್ರ ಸ್ಕಾಟ್ಲೆಂಡ್ ಅಂತ ತಿಳೀತು, ಮುಗೀತು.

ಹೊಲಿಗೆಮನೆ:
@ಧಾರವಾಡ ಪೇಢೆ, ಅಂಗಿ ಪೂರ್ತಿ ತೆರೆದು ಕೋಟು, ಕ್ರಾವಟ್ (ಕೊರಳಿಗೆ ಸುತ್ತುವ ಬಟ್ಟೆ) ಎಲ್ಲಾ ಕಿತ್ತ ಮೇಲೆ ಅದು 1815 ಅನ್ನುವುದಕ್ಕೆ ಏನು ಉಳಿಯುತ್ತದೆ ಹೇಳಿ. ಬರೀ ಎದೆ ಅಂದರೆ ನ್ಯೂಯಾರ್ಕಿನ ಕೋಟ್ಯಧಿಪತಿಯೂ ಆಗಬಹುದು, ತೋಳ-ಮನುಷ್ಯನೂ ಆಗಬಹುದು.

ಪುಟತಿರುವು:
ಇದೇ ನನ್ನ ಪ್ರಶ್ನೆಯ ಇನ್ನೊಂದು ಅರ್ಧ. ನಾಯಕಿಯ ಗೌನು ಒಂದೇ ನೋಟಕ್ಕೆ ‘ಹಿಸ್ಟಾರಿಕಲ್’ ಅಂತ ಹೇಳುತ್ತದೆ. ನಾಯಕನನ್ನು ಹಾಕಿ ಆ ಗುರುತನ್ನು ಯಾಕೆ ಬಿಟ್ಟುಕೊಟ್ಟರು?

ಲೇಔಟ್ ಲಿಂಗಣ್ಣ:
ಬಿಟ್ಟುಕೊಡಬಾರದು. ನಾಯಕನನ್ನೇ ಹಾಕಿ, ಕಾಲದ ಗುರುತನ್ನು ಎದೆಯಿಂದ ಮೇಲೆ ಇಡಿ. ಬಿಚ್ಚಿ ಕೊರಳಲ್ಲಿ ನೇತಾಡುವ ಬಿಳಿ ಕ್ರಾವಟ್, ಎತ್ತರದ ಕಾಲರ್, ಅಗಲ ಲ್ಯಾಪೆಲ್ (ಕೋಟಿನ ಎದೆಯ ಮಡಿಕೆ). ಈ ಮೂರು ಅಂಗಡಿತಾಣದ ಪುಟ್ಟ ಥಂಬ್‌ನೇಲಿನಲ್ಲೂ ಕಾಣುತ್ತವೆ. ಆ ಕಾಲದ ಎತ್ತರದ ಹೆಸ್ಸಿಯನ್ ಬೂಟು ಎಷ್ಟೇ ಚೆಂದವಿರಲಿ, ಅದನ್ನು ತೋರಿಸಲು ಪೂರ್ತಿ ನಿಲುವು ಬೇಕು, ಆಗ ಮುಖ ಕಡಲೆಕಾಳಷ್ಟಾಗುತ್ತದೆ.
ಪರೀಕ್ಷೆ ಹೀಗೆ ಮಾಡಿ. ಇ-ಪುಸ್ತಕಕ್ಕೆ ಫೈಲು 2560 ಪಿಕ್ಸೆಲ್ ಎತ್ತರ, 1600 ಅಗಲ. ಅದನ್ನು ಸುಮಾರು 160 ಎತ್ತರಕ್ಕೆ ಕುಗ್ಗಿಸಿ, ಮೊದಲು ಬಣ್ಣದಲ್ಲಿ, ಆಮೇಲೆ ಕಪ್ಪು-ಬಿಳುಪಿನಲ್ಲಿ ನೋಡಿ. ಕಪ್ಪು ಕೋಟು ಕಪ್ಪು ಹಿನ್ನೆಲೆಯಲ್ಲಿ ಕರಗಿಹೋಗಿ ತಲೆಯೊಂದೇ ತೇಲುತ್ತಿದ್ದರೆ ಭುಜದ ಅಂಚಿಗೆ ತೆಳು ಬೆಳಕಿನ ಗೆರೆ ಕೊಡಿ, ಇಲ್ಲವೇ ಹಿನ್ನೆಲೆ ತಿಳಿ ಮಾಡಿ. ಹೆಸರಿನ ಅಕ್ಷರ ಹೊಟ್ಟೆಯ ಮೇಲೆ ಬರಲಿ, ಎದೆಯ ಮೇಲೆ ಬೇಡ. ಕತ್ತಲು-ಬೆಳಕು ಹೆಚ್ಚಿರುವುದು ಎದೆಯಲ್ಲೇ, ಅಕ್ಷರ ಅಲ್ಲಿ ಓದಲಾಗುವುದಿಲ್ಲ.

ಬಣ್ಣದಬಟ್ಟಲು:
ಫೋಟೊ ತಿರುಗಿಸುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಸ್ಟಾಕ್ ಫೋಟೊ ಲೈಸೆನ್ಸ್ ಸಾಮಾನ್ಯವಾಗಿ ಒಬ್ಬರಿಗೇ ಮೀಸಲಲ್ಲ, ಅದೇ ಮನುಷ್ಯ ಅದೇ ಭಂಗಿಯಲ್ಲಿ ಹತ್ತು ಲೇಖಕಿಯರ ಮುಖಪುಟದಲ್ಲಿ ಬರಬಹುದು. ಬೇರೆ ಕಾಣಲಿ ಅಂತ ಫೋಟೊವನ್ನು ಎಡಬಲ ತಿರುಗಿಸುತ್ತಾರೆ. ಆಗ ಗುಂಡಿಪಟ್ಟಿ ಬಲ ಎಡಕ್ಕೆ ಬದಲಾಗುತ್ತದೆ. ಎಡಸೊಂಟದಲ್ಲಿದ್ದ ಕತ್ತಿ ಬಲಸೊಂಟಕ್ಕೆ ಹೋಗಿ, ಬಲಗೈ ಬಳಸುವ ನಾಯಕ ತನ್ನ ಕತ್ತಿ ತಾನೇ ಎಳೆಯಲಾಗದೆ ನಿಂತಿರುತ್ತಾನೆ. ಉಂಗುರದ ಕೈಯೂ ಬದಲು. ತಿರುಗಿಸುವ ಬದಲು ಕೂದಲ ಬಣ್ಣ, ಕೋಟಿನ ಬಣ್ಣ, ಫೋಟೊ ಕತ್ತರಿಸುವ ಜಾಗ ಈ ಮೂರನ್ನು ಬದಲಿಸಿ. ದುಡ್ಡಿದ್ದರೆ ಮೀಸಲು ಲೈಸೆನ್ಸೇ ಕೊಳ್ಳಿ.

ಕರಾವಳಿ ಓದುಗಿ:
ತಲೆ ಕತ್ತರಿಸುವ ವಿಷಯಕ್ಕೆ ಯಾರೂ ಬರಲಿಲ್ಲ. ‘ಓದುಗಿ ತನಗೆ ಬೇಕಾದ ಮುಖ ಕಲ್ಪಿಸಿಕೊಳ್ಳಲಿ’ ಅಂತ ಸಮರ್ಥನೆ ಕೊಡುತ್ತಾರೆ. ಅಲ್ಲ ಮಾರಾಯ್ರೆ, ಲೇಖಕಿ ಮುನ್ನೂರು ಪುಟ ಅವನ ಕಣ್ಣು, ಹುಬ್ಬು, ಗಾಯದ ಕಲೆ ಅಂತ ಬರೆದಿರುತ್ತಾರೆ, ಇನ್ನು ಕಲ್ಪಿಸಿಕೊಳ್ಳುವುದು ಏನನ್ನು? ಮಾಂಸದ ಅಂಗಡಿ ಥರ ಕಾಣುತ್ತದೆ. ಟ್ಯೂಡರ್ ಕಾದಂಬರಿಗಳಲ್ಲಿ ಹೆಂಗಸರ ತಲೆ ಕತ್ತರಿಸಿದಾಗ ಎಲ್ಲರೂ ಬೈದರು. ಗಂಡಸಿಗೆ ಮಾಡಿದರೆ ಯಾಕೆ ಸುಮ್ಮನಿರಬೇಕು?

ಲೇಔಟ್ ಲಿಂಗಣ್ಣ:
ಅರ್ಧ ಒಪ್ಪುತ್ತೇನೆ. ಕತ್ತರಿಗೆ ಇನ್ನೊಂದು ಕಾರಣ, ಕಥೆಯ ನಾಯಕನಿಗೂ ಫೋಟೊದವನಿಗೂ ಮುಖ ಹೊಂದುವುದಿಲ್ಲ. ದೊಡ್ಡ ಪ್ರಕಾಶನಗಳಲ್ಲಿ ಲೇಖಕಿ ಮುಂಚೆಯೇ ಒಂದು ವಿವರಪತ್ರ ತುಂಬಿಕೊಡುತ್ತಾರೆ: ಕೂದಲು, ಕಣ್ಣು, ಕಾಲ, ಊರು, ಎರಡು ಮೂರು ದೃಶ್ಯ. ಎಷ್ಟೋ ಸಲ ಹಸ್ತಪ್ರತಿ ಮುಗಿಯುವ ಮೊದಲೇ ಮುಖಪುಟ ತಯಾರು. ಕೊನೆಗೆ ಹೊಂಬಣ್ಣದ ಕೂದಲಿನವನು ಕಪ್ಪು ಕೂದಲಿನವನಾಗಿ ಬಂದು ನಿಲ್ಲುತ್ತಾನೆ. ತಲೆ ಇಲ್ಲದಿದ್ದರೆ ಆ ದೂರೇ ಇಲ್ಲ!
ಕತ್ತರಿಸಲೇಬೇಕಾದರೆ ಮೂಗಿನ ಕೆಳಗೆ, ತುಟಿ ಉಳಿಯುವ ಹಾಗೆ. ಕೊರಳಲ್ಲಿ ಬೇಡ. ಕೆಳಗಡೆಯೂ ಸಂದುಗಳಲ್ಲಿ ಬೇಡ: ಮಣಿಕಟ್ಟು, ಮೊಣಕೈ, ಮೊಣಕಾಲಿನಲ್ಲಿ ಕತ್ತರಿಸಿದರೆ ಕೈಕಾಲು ಕಡಿದ ಹಾಗೆ ಕಾಣುತ್ತದೆ. ತೊಡೆಯ ನಡುವೆ ನಿಲ್ಲಿಸಿ.

ಧಾರವಾಡ ಪೇಢೆ:
ಮುಖ್ಯ ಮಾತು ಬಿಟ್ರಲ್ರೀ. ಇಂಥಾ ಪುಸ್ತಕ ಬಸ್ಸಿನಾಗ ಓದೋದು ಹೆಂಗ? ಮನ್ಯಾಗ ಟೀಪಾಯಿ ಮ್ಯಾಲ ಇಡೋದು ಹೆಂಗ? ಹೂವಿನ ಚಿತ್ರ ಹಾಕಿದ್ರ ಯಾವ ತ್ರಾಸೂ ಇಲ್ಲ.

ಹಳೇಪೇಪರ್‌ಬ್ಯಾಕ್:
ಅದಕ್ಕೆ ಪ್ರಕಾಶಕರು ಸ್ಟೆಪ್‌ಬ್ಯಾಕ್ ಕಂಡುಹಿಡಿದಿದ್ದರು. ಹೊರಗಿನ ಹೊದಿಕೆಯಲ್ಲಿ ಹೂವು, ಬೀಸಣಿಗೆ, ಹೊಳೆಯುವ ಫಾಯಿಲಿನ ಅಕ್ಷರ, ಉಬ್ಬಚ್ಚು. ಅದನ್ನು ತಿರುವಿದರೆ ಒಳಗೆ ಇನ್ನೊಂದು ನುಣುಪು ಹಾಳೆಯಲ್ಲಿ ಪೂರ್ತಿ ಚಿತ್ರ. ಎರಡು ಹಾಳೆ, ಎರಡು ಮುದ್ರಣ, ಫಾಯಿಲು ಬೇರೆ. ಖರ್ಚು ಹೆಚ್ಚು, ಅದಕ್ಕೇ ಚೆನ್ನಾಗಿ ಮಾರುವ ಲೇಖಕಿಯರಿಗಷ್ಟೇ ಸಿಗುತ್ತಿತ್ತು. ಹಳೇ ಪುಸ್ತಕದ ಅಂಗಡಿಯಲ್ಲಿ ಇಂಥದ್ದು ಕಂಡರೆ ಒಳಹಾಳೆ ಇದೆಯೇ ನೋಡಿ ಕೊಳ್ಳಿ, ಬಹಳ ಜನ ಹರಿದಿಟ್ಟುಕೊಳ್ಳುತ್ತಾರೆ.
ಅಮೆರಿಕದ ಸಣ್ಣ ಪೇಪರ್‌ಬ್ಯಾಕುಗಳಲ್ಲಿ ಮುಖಪುಟವೇ ಇಲ್ಲದ ಪ್ರತಿ ಸಿಕ್ಕರೆ ಅದು ಬೇರೆ ಕಥೆ. ಮಾರಾಟವಾಗದ ಪುಸ್ತಕವನ್ನು ಅಂಗಡಿಯವರು ಪೂರ್ತಿ ವಾಪಸು ಕಳಿಸುತ್ತಿರಲಿಲ್ಲ. ಮುಖಪುಟ ಮಾತ್ರ ಹರಿದು ಕಳಿಸಿ ದುಡ್ಡು ಪಡೆದು, ಉಳಿದದ್ದನ್ನು ರದ್ದಿಗೆ ಹಾಕಬೇಕಿತ್ತು. ರದ್ದಿಗೆ ಹೋಗಬೇಕಾದದ್ದು ಮಾರುಕಟ್ಟೆಗೆ ಬಂದಿರುತ್ತದೆ.

ಅರ್ಧಓದು:
ನಮ್ಮಲ್ಲಿ ಸ್ಟೆಪ್‌ಬ್ಯಾಕ್ ಯಾಕೆ? ಕಂದು ಹಾಳೆ ಬೈಂಡ್ ಹಾಕಿ ಲೇಬಲ್ ಮೇಲೆ ‘ಸಮಾಜಶಾಸ್ತ್ರ’ ಅಂತ ಬರೆದರಾಯಿತು.

ಕರಾವಳಿ ಓದುಗಿ:
ಕನ್ನಡದ ಜನಪ್ರಿಯ ಕಾದಂಬರಿಗಳಲ್ಲಿ ಮಾತ್ರ ಮುಖಪುಟದ ತುಂಬ ನಾಯಕಿಯ ಮುಖವೇ. ಜಡೆ, ಕುಂಕುಮ, ಕಣ್ಣಲ್ಲಿ ನೀರು. ನಾಯಕ ಇದ್ದರೂ ಮೂಲೆಯಲ್ಲಿ ಮಸುಕಾಗಿ.

ಹಳೇಪೇಪರ್‌ಬ್ಯಾಕ್:
ವಿಷಯಾಂತರ, ಆದರೂ ಹೇಳಲೇಬೇಕು. ಹೊಯ್ಸಳರ ಕಥೆ ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ದೇಹದಾರ್ಢ್ಯ ಪಟು. ಅವರ ಮೈಕಟ್ಟಿನ ಫೋಟೊಗಳು ಆ ಕಾಲಕ್ಕೇ ಪ್ರಸಿದ್ಧ. ಇಂಗ್ಲಿಷಿನವರಾಗಿದ್ದರೆ ಲೇಖಕರನ್ನೇ ಮುಖಪುಟಕ್ಕೆ ನಿಲ್ಲಿಸುತ್ತಿದ್ದರು! ಇಲ್ಲಿ ಪುಸ್ತಕಕ್ಕೆ ನಾಯಕಿಯ ಹೆಸರು.

ಧಾರವಾಡ ಪೇಢೆ:
ಇದು ಗೊತ್ತಿರಲಿಲ್ಲ ನೋಡ್ರಿ. ಭಾರಿ.

ಬಣ್ಣದಬಟ್ಟಲು:
ಮತ್ತೆ ವಿಷಯಕ್ಕೆ. ಕೆಲವು ವರ್ಷಗಳಿಂದ ಕಾರ್ಟೂನ್ ಶೈಲಿಯ ಚಪ್ಪಟೆ ಚಿತ್ರಗಳು ಹಿಸ್ಟಾರಿಕಲ್‌ಗೂ ಬಂದಿವೆ. ಅವುಗಳಲ್ಲಿ ನಾಯಕಿ ವಾಪಸು ಬಂದಿದ್ದಾಳೆ, ಸಾಮಾನ್ಯವಾಗಿ ಜೋಡಿಯಾಗಿ. ಗೌನಿನ ಆಕಾರ ಒಂದೇ ಸಾಕು ಕಾಲ ಹೇಳಲು, ಬಸ್ಸಿನಲ್ಲೂ ಓದಬಹುದು. ತೊಂದರೆ ಏನೆಂದರೆ ಒಳಗೆ ಎಷ್ಟು ಬಿಸಿ ಇದೆ ಅನ್ನುವುದು ಹೊರಗೆ ತಿಳಿಯುವುದಿಲ್ಲ. ಮಕ್ಕಳ ಪುಸ್ತಕದಂಥ ಮುಖಪುಟ, ಒಳಗೆ ಮೂರನೇ ಅಧ್ಯಾಯಕ್ಕೇ ಬಾಗಿಲು ಹಾಕಿಕೊಳ್ಳುತ್ತಾರೆ. ತೆರೆದ ಅಂಗಿಯ ನಾಯಕನಾದರೆ ಆ ವಿಷಯದಲ್ಲಿ ಮೋಸ ಇರಲಿಲ್ಲ.

ಲೇಔಟ್ ಲಿಂಗಣ್ಣ:
ಜಾಹೀರಾತು ಮರೆಯಬೇಡಿ. ಬರಿಮೈ ಜಾಸ್ತಿ ಕಂಡರೆ, ಕೈ ಪ್ಯಾಂಟಿನ ಪಟ್ಟಿಯೊಳಗೆ ಹೋಗಿದ್ದರೆ, ಅಂಗಡಿತಾಣಗಳ ಜಾಹೀರಾತು ವಿಭಾಗ ತಿರಸ್ಕರಿಸಬಹುದು. ಫೇಸ್‌ಬುಕ್ಕೂ ಅಷ್ಟೆ. ಅದಕ್ಕೇ ಒಂದೇ ಫೋಟೊದಿಂದ ಎರಡು ಆವೃತ್ತಿ ಮಾಡಿಡಬೇಕು: ಪುಸ್ತಕಕ್ಕೆ ತೆರೆದ ಅಂಗಿ, ಜಾಹೀರಾತಿಗೆ ಭುಜದಿಂದ ಮೇಲೆ ಕ್ರಾಪ್ ಮಾಡಿದ್ದು. ತಲೆ ಕತ್ತರಿಸಿದ ಫೋಟೊದಲ್ಲಿ ಈ ಎರಡನೆಯದು ಆಗುವುದೇ ಇಲ್ಲ, ಉಳಿಯುವುದು ಕುತ್ತಿಗೆ ಮಾತ್ರ. ಕರಾವಳಿಯವರಿಗೆ ಇನ್ನೊಂದು ವಾದ ಸಿಕ್ಕಿತು.

ಕರಾವಳಿ ಓದುಗಿ:
ಬರೆದಿಟ್ಟುಕೊಂಡೆ 😌

ಪುಟತಿರುವು:
ಒಳ್ಳೆ ಮಾಹಿತಿ, ಎಲ್ಲರಿಗೂ ಥ್ಯಾಂಕ್ಸ್. ಸರಣಿಯಾದರೆ ಹೇಗೆ? ನಾಲ್ಕು ಅಣ್ಣತಮ್ಮಂದಿರು, ಒಬ್ಬೊಬ್ಬರಿಗೆ ಒಂದು ಪುಸ್ತಕ.

ಹಳೇಪೇಪರ್‌ಬ್ಯಾಕ್:
ಅಣ್ಣತಮ್ಮಂದಿರ ಸರಣಿಗೆ ನಾಯಕ, ಅಕ್ಕತಂಗಿಯರ ಸರಣಿಗೆ ನಾಯಕಿ. ಸರಣಿಯ ಹೆಸರು ಯಾರದೋ ಅವರೇ ಮುಖಪುಟಕ್ಕೆ ಬರಬೇಕು. ಎರಡನೇ ಪುಸ್ತಕಕ್ಕೆ ಇದ್ದಕ್ಕಿದ್ದಂತೆ ಜೋಡಿ ಹಾಕಿದರೆ ಕಪಾಟಿನಲ್ಲಿ ಬೇರೆ ಮನೆಯದು ಅನ್ನಿಸುತ್ತದೆ.

ಲೇಔಟ್ ಲಿಂಗಣ್ಣ:
ನಾಲ್ಕು ಫೋಟೊವನ್ನೂ ಒಟ್ಟಿಗೇ ಆರಿಸಿಟ್ಟುಕೊಳ್ಳಿ. ಮೊದಲನೆಯದಕ್ಕೆ ಒಂದು ಚೆಂದದ ಫೋಟೊ ಕೊಂಡು, ಮೂರನೆಯದರ ಹೊತ್ತಿಗೆ ಆ ಬೆಳಕಿನ ಫೋಟೊ ಸಿಗದೆ ಒದ್ದಾಡುತ್ತಾರೆ. ನಾಲ್ವರ ಕಣ್ಣಿನ ಮಟ್ಟ ಮುಖಪುಟದಲ್ಲಿ ಒಂದೇ ಎತ್ತರಕ್ಕಿರಲಿ. ಅಣ್ಣತಮ್ಮಂದಿರಾದ್ದರಿಂದ ಕೂದಲ ಬಣ್ಣ ಒಂದೇ ಮಾಡಿದರೂ ನಡೆಯುತ್ತದೆ.

ಪುಟತಿರುವು:
ಮುದ್ರಿತ ಪ್ರತಿಯಲ್ಲಿ ನಾಯಕನ ಭುಜ ಪುಸ್ತಕದ ಬೆನ್ನಿನ ಮೇಲೂ ಹಾದು ಹಿಂಪುಟಕ್ಕೆ ಹೋದರೆ?

ಲೇಔಟ್ ಲಿಂಗಣ್ಣ:
ಚೆನ್ನಾಗಿರುತ್ತದೆ, ಲೆಕ್ಕ ಸರಿ ಇದ್ದರೆ. ಅಮೆಜಾನಿನ ಸ್ವಂತ-ಪ್ರಕಟಣೆ ಸೇವೆ ಕೆಡಿಪಿಯ ಕೆನೆಬಣ್ಣದ ಕಾಗದಕ್ಕೆ ಪುಟಕ್ಕೆ 0.0025 ಇಂಚು. 350 ಪುಟವಾದರೆ ಬೆನ್ನು 0.875 ಇಂಚು. ಸುತ್ತ 0.125 ಇಂಚು ಬ್ಲೀಡ್ (ಅಂಚು ಕತ್ತರಿಸಲು ಬಿಡುವ ಹೆಚ್ಚುವರಿ ಚಿತ್ರ). ಪುಟಸಂಖ್ಯೆ ಅಂತಿಮವಾಗುವ ಮೊದಲು ಬೆನ್ನು ಕೂಡಿಸಬೇಡಿ. ಆಮೇಲೆ ಒಂದು ಉಪಸಂಹಾರ ಸೇರಿಸಿ 30 ಪುಟ ಹೆಚ್ಚಾದರೆ ಎಲ್ಲಾ ಸರಿಯುತ್ತದೆ. ಮಡಿಕೆ ಸ್ವಲ್ಪ ಅತ್ತಿತ್ತ ಆಗಿಯೇ ಆಗುತ್ತದೆ, ಹಾಗಾಗಿ ಆ ಜಾಗದಲ್ಲಿ ಕೋಟಿನ ತೋಳು ಬರಲಿ, ಬರಿ ಚರ್ಮ ಬೇಡ. ಓದಿ ಓದಿ ಬೆನ್ನು ಬಿರಿದಾಗ ಬಿಳಿ ಗೆರೆ ಚರ್ಮದ ಮೇಲೆ ಎದ್ದು ಕಾಣುತ್ತದೆ. ಹೊಳಪಿಗಿಂತ ಮ್ಯಾಟ್ ಲ್ಯಾಮಿನೇಷನ್ ಒಳ್ಳೆಯದು ಅನ್ನುವವರಿದ್ದಾರೆ, ಆದರೆ ಕಪ್ಪು ಕೋಟಿನ ಮೇಲೆ ಮ್ಯಾಟ್ ಹಾಕಿದರೆ ಬೆರಳಚ್ಚು ಬೀಳುತ್ತದೆ.

ಹೊಲಿಗೆಮನೆ:
ಕೋಟು ಅಂದಿರಿ, ಸಂತೋಷ. ಬಾಲ ಇರುವ ಕೋಟು ತಾನೇ?